ಎರಡು ಆಂಪ್ ಕುಂದರಸೀರಿ, ಫ್ಯೂಸ್ ಎಲ್ಲೈತ್ರಿ?

ನಮ್ಮ ಕಡೆ ಹುಡುಗರಿಗೆ ಗಾಡಿ ಅಂದ್ರ ಮೊದಲ ಸೌಂಡು. ಕಬ್ಬಿನ ಟ್ರ್ಯಾಕ್ಟರ್ ಇರಲಿ, ಸೆಕೆಂಡ್ ಹ್ಯಾಂಡ್ ಕಾರ್ ಇರಲಿ, ಟೈರ್ ಸವದ್ರೂ ನಡೀತೈತಿ, ವೂಫರ್ ಮಾತ್ರ ಎದಿ ನಡುಗಸಬೇಕು. ನಾ ಅದಕ್ಕ ಬ್ಯಾಡ ಅನ್ನಾವಲ್ಲ. ದುಡಿಯೋ ಹುಡುಗರು, ಅವರ ಖುಷಿ ಅವರಿಗೆ. ನನ್ನ ತಕರಾರು ಬ್ಯಾರೇ ಐತಿ. ಸ್ಪೀಕರಿಗೆ, ಆಂಪ್ಲಿಫೈಯರಿಗೆ ಇಪ್ಪತ್ತು ಸಾವಿರ ಸುರಿಯೋರು, ಅದಕ್ಕ ಕರೆಂಟ್ ಒಯ್ಯೋ ವೈರಿನ ಮಾತು ಬಂದ ಕೂಡಲೇ ಚೌಕಾಸಿಗೆ ಕುಂದರತಾರ. ಒಂದ ಸಣ್ಣ ಆಂಪ್ ಇದ್ದಾಗ ಹ್ಯಾಂಗೋ ನಡದು ಹೋಗಿರತೈತಿ. ಎರಡನೇದು ಬಂತಂದ್ರ ಲೆಕ್ಕ ಪೂರಾ ಬದಲಾಗತೈತಿ.

ಹ್ಯಾಂಗಂದ್ರ, ಮನ್ಯಾಗಿನ ಇಸ್ತ್ರಿ ಪೆಟಗಿ ತಗೋರಿ. ಸಾವಿರ ವ್ಯಾಟಿಂದು ಅಂತ ಹಿಡೀರಿ. 230 ವೋಲ್ಟಿನ್ಯಾಗ ಅದು ಎಳೆಯೋದು ಹೆಚ್ಚುಕಡಿಮಿ ನಾಲ್ಕೂಕಾಲು ಆಂಪಿಯರ್. ಅದ ಸಾವಿರ ವ್ಯಾಟ್ ಕಾರಿನ 12 ವೋಲ್ಟಿನ್ಯಾಗ ಬೇಕಂದ್ರ 83 ಆಂಪಿಯರ್ ಬೇಕು. ವೈರಿಗೆ ಬಿಸಿ ಹಿಡಸೋದು ಈ ಆಂಪಿಯರ್ ನೋಡ್ರಿ. ಅದೂ ಸರಳ ಲೆಕ್ಕ ಅಲ್ಲ. ಒಂದ ವೈರಿನ್ಯಾಗ ಎರಡು ಪಟ್ಟು ಕರೆಂಟ್ ಹರದ್ರ ಬಿಸಿ ನಾಲ್ಕು ಪಟ್ಟು ಆಗತೈತಿ. ಹಂಗಾಗಿ "ಮೊದಲಿನ ವೈರ್ ಇಷ್ಟ ದಿನ ನಡದೈತಲ್ಲ, ಅದಕ್ಕ ಇನ್ನೊಂದು ಜೋಡಿಸಿದ್ರಾತು" ಅನ್ನೋ ಮಾತ ತಪ್ಪು.

ನಮ್ಮ ತಂಗಿ ಮಗ ಮಾಡಿಸಿದ್ದೂ ಅದ. ಹುಬ್ಬಳ್ಳ್ಯಾಗ ಒಂದು ಅಂಗಡ್ಯಾಗ ಎರಡನೇ ಆಂಪ್ ಹಾಕಿಸ್ಕೊಂಡು ಬಂದ. ಡಿಕ್ಕಿ ತಗದು ನೋಡಿದ್ರ, ಬ್ಯಾಟರಿಯಿಂದ ಹಿಂದಿನ ತನಕ ಮನಿ ವೈರಿಂಗಿನ 2.5 ಸ್ಕ್ವೇರ್ ಎಂಎಂ ವೈರ್ ಎಳದಾರ. ಮೊದಲನೇ ಆಂಪಿನ ಟರ್ಮಿನಲ್‌ದಿಂದ ಎರಡನೇದಕ್ಕ ಒಂದು ಗೇಣು ತುಂಡು ಜೋಡಿಸ್ಯಾರ. ಬ್ಯಾಟರಿ ಬಲ್ಲಿ ಫ್ಯೂಸ್ ಇಲ್ಲವ ಇಲ್ಲ. ಒಂದು ಆಂಪಿನ ಮೈಮ್ಯಾಲ 60 ಆಂಪಿಯರ್ ಫ್ಯೂಸು, ಇನ್ನೊಂದರದು 30. ಎರಡೂ ಸೇರಿ 90 ಆಂಪಿಯರ್ ಎಳದ್ರ ಆ ಐದು ಮೀಟರ್ ವೈರಿನ್ಯಾಗ 3 ವೋಲ್ಟ್ ಹಾದ್ಯಾಗ ಹೋಗತಾವ, ವೈರ್ ಒಂದ 280 ವ್ಯಾಟ್ ಬಿಸಿ ಉಗಳತೈತಿ. 25 ವ್ಯಾಟಿನ ಸಾಲ್ಡರಿಂಗ್ ಐರನ್ ಹನ್ನೊಂದು ಕೂಡಿಸಿ ಕಾರ್ಪೆಟ್ ಕೆಳಗ ಇಟ್ಟಂಗ. ಹಾಡು ಸದಾಕಾಲ ಪೂರಾ ಎಳೆಯೂದಿಲ್ಲ ಖರೆ, ಬೀಟ್ ಬಿದ್ದಾಗಷ್ಟ ಎಳೀತೈತಿ. ಆದ್ರ ಆ ಕಾರ್ಪೆಟ್ ಮ್ಯಾಲ ಕಾಲಿಟ್ಟು ಕುಂದ್ರಾವು ಅವನ ಎರಡು ಸಣ್ಣ ಹುಡುಗರು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೊಂಟ ನಿಂತಿದ್ರು ಎಲ್ಲಾರೂ.

"ಬರೇ 12 ವೋಲ್ಟ್ ಮಾಮಾ, ಕೈ ಇಟ್ರೂ ಶಾಕ್ ಹೊಡಿಯೂದಿಲ್ಲ" ಅಂದ. ಶಾಕ್ ಹೊಡಿಯೂದಿಲ್ಲಪಾ, ಬೆಂಕಿ ಹತ್ತತೈತಿ. ಬ್ಯಾಟರಿ ಎರಡೂ ತುದಿಗೆ ಸ್ಪ್ಯಾನರ್ ತಾಗಿದ್ರ ಹ್ಯಾಂಗ ಕಿಡಿ ಹಾರತಾವ ಅಂತ ಯಾವ ಮೆಕ್ಯಾನಿಕ್‌ನ್ನ ಕೇಳಿದ್ರೂ ಹೇಳತಾನ. ಗಾಡಿ ಬಾಡಿ ಅಷ್ಟೂ ಮೈನಸ್ಸು. ಎಂಜಿನ್ ಕಡಿಂದ ಒಳಗ ಬರೋ ತೂತಿನ ತಗಡಿನ ಅಂಚಿಗೆ ಪ್ಲಸ್ ವೈರ್ ತಿಕ್ಕಿ ತಿಕ್ಕಿ ಸಿಪ್ಪಿ ಕಿತ್ತು ಹೋದ್ರ ಮುಗೀತು. ಬ್ಯಾಟರಿ ನೂರಾರು ಆಂಪಿಯರ್ ದಬ್ಬತೈತಿ, ತಡಿಯಾಕ ನಡುವ ಏನೂ ಇಲ್ಲ. ಚಾವಿ ತಗದು ಮನಿಗೆ ಹೋಗಿ ಮಲಗಿದ್ರೂ ಆ ವೈರಿನ್ಯಾಗ ಕರೆಂಟ್ ಇದ್ದ ಇರತೈತಿ.

"ಆಂಪಿಗೆ ಫ್ಯೂಸ್ ಐತಲ್ರೀ" ಅಂತಾರ ಅಂಗಡ್ಯಾವರು. ಐತಿ, ಆದ್ರ ಅದು ವೈರಿನ ಆ ಕಡೆ ತುದ್ಯಾಗ ಐತಿ. ನಡುದಾರ್ಯಾಗ ಶಾರ್ಟ್ ಆದ್ರ ಅದಕ್ಕ ಸುದ್ದೀನ ಮುಟ್ಟೂದಿಲ್ಲ. ವೈರ್ ಕಾಯಬೇಕಾದ್ರ ಫ್ಯೂಸ್ ಬ್ಯಾಟರಿ ಪ್ಲಸ್ಸಿಂದ ಒಂದೂವರೆ ಅಡಿ ಒಳಗ ಇರಬೇಕು, ಇನ್ನೂ ಹತ್ತರ ಆದ್ರ ಚಲೋ. ಮತ್ತ ಅದರ ನಂಬರ್ ವೈರ್ ತಡಿಯೂವಷ್ಟ ಇರಬೇಕು. "ಪದೇ ಪದೇ ಹಾರತೈತಿ" ಅಂತ ದೊಡ್ಡ ಫ್ಯೂಸ್ ಜಡಿಯೋದು, ಮನ್ಯಾಗ ಎಂಸಿಬಿ ಬೀಳತೈತಿ ಅಂತ ಅದಕ್ಕ ಕಡ್ಡಿ ಸಿಗಸಿದಂಗ.

ನನ್ನ ಕೇಳಿದ್ರ ಎರಡು ಆಂಪಿಗೆ ಒಂದ ದಪ್ಪ ವೈರ್ ಒಯ್ಯೋದು ಚಲೋ. ಕೆಲವರು ಬ್ಯಾಟರಿಯಿಂದ ಎರಡು ಬ್ಯಾರೇ ಬ್ಯಾರೇ ಎಳೀತಾರ. ತಪ್ಪಲ್ಲ, ಆದ್ರ ಎರಡಕ್ಕೂ ಬ್ಯಾಟರಿ ಬಲ್ಲೇ ಫ್ಯೂಸ್ ಬೇಕು, ಟರ್ಮಿನಲ್ ಮ್ಯಾಲ ವೈರಿನ ಜಾತ್ರಿ ಆಗತೈತಿ. ಒಂದ ವೈರ್ ಆದ್ರ, ಡಿಕ್ಕ್ಯಾಗ ಫ್ಯೂಸ್ ಇರೋ ಡಿಸ್ಟ್ರಿಬ್ಯೂಷನ್ ಬ್ಲಾಕ್ ಕುಂದರಸಿ ಅಲ್ಲಿಂದ ಒಂದೊಂದು ಆಂಪಿಗೆ ಒಂದೊಂದು ಕವಲು. ಮನಿಯ ಡಿಬಿ ಬೋರ್ಡಿನ್ಯಾಗ ಗೀಜರಿಗೊಂದು, ಲೈಟಿಗೊಂದು ಎಂಸಿಬಿ ಇರತಾವಲ್ಲ, ಹಂಗ. ಅಳಿಯನ ಗಾಡಿಗೆ ಈಗ 4 ಗೇಜ್ ತಾಮ್ರದ ವೈರ್, ಅಂದ್ರ ಸುಮಾರು 21 ಸ್ಕ್ವೇರ್ ಎಂಎಂ, ಎಂಜಿನ್ ಕಡೆ 100 ಆಂಪಿಯರ್ ಫ್ಯೂಸು, ಹಿಂದ 60ರದ್ದೊಂದು 30ರದ್ದೊಂದು, ಮುಂದ ಮೊಳದುದ್ದ 8 ಗೇಜ್ ತುಂಡು. ಗೇಜಿನ ನಂಬರ್ ಸಣ್ಣದಾದಂಗ ವೈರ್ ದಪ್ಪ ಆಗತೈತಿ, ಅಂಗಡ್ಯಾಗ ಅದನ್ನ ಉಲ್ಟಾ ತಿಳಕೊಬ್ಯಾಡ್ರಿ. ಅಗ್ಗದ ಕಿಟ್ಟಿನ ವೈರ್ ಬಹಳಷ್ಟು ಅಲ್ಯೂಮಿನಿಯಂ, ಮ್ಯಾಲಷ್ಟ ತಾಮ್ರದ ಲೇಪ. ಚಾಕೂಲೆ ಒಂದು ಎಳಿ ಕೆರದು ನೋಡ್ರಿ, ಒಳಗ ಬೆಳ್ಳಗ ಕಂಡ್ರ ಅದ. ಅದನ್ನ ಹಾಕಿದ್ರ ಒಂದು ಅಳತಿ ದಪ್ಪಂದು ಹಾಕಬೇಕು.

ಮೈನಸ್ ವೈರಿನ ಬಗ್ಗೆ ಯಾರೂ ಮಾತಾಡೂದಿಲ್ಲ, ಅದೊಂದು ಬ್ಯಾಸರ. ಪ್ಲಸ್ಸಿನ್ಯಾಗ ಹ್ವಾದ ಕರೆಂಟ್ ಅಷ್ಟೂ ಮೈನಸ್ಸಿನ್ಯಾಗ ತಿರುಗಿ ಬರಬೇಕು. ಹಂಗಾಗಿ ಅದೂ ಅಷ್ಟ ದಪ್ಪ ಇರಬೇಕು, ಗಿಡ್ಡ ಇರಬೇಕು. ಬಾಡಿ ತಗಡಿನ ಬಣ್ಣ ಕೆರದು ಬೋಲ್ಟ್ ಬಿಗೀಬೇಕು, ಎರಡೂ ಆಂಪಿಂದು ಒಂದ ಕಡೆ. ಬ್ಯಾರೇ ಬ್ಯಾರೇ ಕಡೆ ಕೊಟ್ರ ಎಕ್ಸಲರೇಟರ್ ಒತ್ತಿದಂಗ ಸ್ಪೀಕರಿನ್ಯಾಗ ಕುಂಯ್ ಅಂತ ಸಪ್ಪಳ ಬರೂ ಸಂಭವ ಹೆಚ್ಚು.

ಮತ್ತ ಆ ಕೆಪ್ಯಾಸಿಟರ್! ಹುಡುಗನ ಆಂಪ್ ಬೀಟಿಗೊಮ್ಮೆ ಬಂದ್ ಬೀಳತಿತ್ತು. ಅಂಗಡ್ಯಾವ "ಒಂದು ಫ್ಯಾರಡ್ ಕೆಪ್ಯಾಸಿಟರ್ ಹಾಕಿಸ್ರಿ, ಪವರ್ ಬರತೈತಿ" ಅಂದಿದ್ನಂತ. 12 ವೋಲ್ಟಿಗೆ ಒಂದು ಫ್ಯಾರಡ್ ತುಂಬಿಸಿಕೊಳ್ಳೋದು 72 ಜೂಲ್. ಸಾವಿರ ವ್ಯಾಟ್ ಎಳೆಯೋ ಆಂಪಿಗೆ ಅದು ಸೆಕೆಂಡಿನ ಹತ್ತನೇ ಪಾಲಿಗೂ ಸಾಲೂದಿಲ್ಲ. ಪವರ್ ಹುಟ್ಟೋದು ಆಲ್ಟರ್ನೇಟರಿನ್ಯಾಗ. ಸಣ್ಣ ಕಾರಿನ್ಯಾಗ ಅದು ಬಹುಮಟ್ಟಿಗೆ 60ರಿಂದ 90 ಆಂಪಿಯರಿಂದು, ಅದರಾಗ ಹೆಡ್‌ಲೈಟು, ಎಸಿ ಫ್ಯಾನು ಎಲ್ಲಾ ನಡೀಬೇಕು. ಅದಕ್ಕ ಮೂರನೇ ಆಂಪ್ ಅಂತ ಶುರು ಮಾಡಿದಾಗ ನಾ ಸಾಫ್ ಬ್ಯಾಡ ಅಂದೆ. ಮೊದಲು ಆಲ್ಟರ್ನೇಟರ್ ಮ್ಯಾಲ ಬರದ ನಂಬರ್ ಓದಿ ಬಾ, ಆಮ್ಯಾಲ ಮಾತಾಡೂಣು.

ಗುಡ್ಡಕ್ಕ ಹೋಗೂದು ಒಂದು ದಿನ ಮುಂದಕ್ಕ ಹೋತು, ತಂಗಿ ನನ್ನ ಮ್ಯಾಲ ಸಿಟ್ಟಾದ್ಲು. ಆಗಲಿ.

ನೀವೂ ಗಾಡಿ ಬಾನೆಟ್ ಒಮ್ಮೆ ಎತ್ತಿ ನೋಡ್ರಿ. ಬ್ಯಾಟರಿ ಪ್ಲಸ್ಸಿನಿಂದ ಹೊಂಟ ದಪ್ಪ ವೈರಿಗೆ ಕೈ ಹಚ್ಚಿ ಹಿಂಬಾಲಸ್ರಿ. ಒಂದೂವರೆ ಅಡ್ಯಾಗ ಫ್ಯೂಸ್ ಸಿಗಲಿಲ್ಲಂದ್ರ ಆ ವೈರ್ ಅವತ್ತ ಕಳಚಿಡ್ರಿ. ಕಳಚಬೇಕಾದ್ರ ಮೊದಲು ಬ್ಯಾಟರಿ ಮೈನಸ್ ತಗೀರಿ. ತಿರುಗಿ ಜೋಡಿಸೂವಾಗ ಮೇನ್ ಫ್ಯೂಸ್ ಎಲ್ಲಾದಕ್ಕಿಂತ ಕಡೀಕ ಹಾಕ್ರಿ. ಅರ್ಧ ತಾಸು ಹಾಡು ಹಚ್ಚಿ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡ್ರಿ, ಸುಡತಿದ್ರ ಎಲ್ಲೋ ಸ್ಕ್ರೂ ಸಡಲ ಐತಿ.