ಡೂಪ್ಲಿಕೇಟ್ ಕೋಟೆ, ಖಾಲಿ ಬಜಾರು

ಕಳೆದ ಶನಿವಾರ ನಾವು ಐದು ಜನ ಮ್ಯೂನಿಕ್‌ನಿಂದ ರೋಥೆನ್‌ಬುರ್ಗ್‌ಗೆ ಹೋಗಿದ್ವಿ. (ಬವೇರಿಯಾದ ಒಂದು ದಿನದ ರೈಲು ಟಿಕೆಟ್‌ನಲ್ಲಿ ಐದು ಜನ ಹೋಗಬಹುದು. ಹಾಗಾಗಿ ನಮ್ಮ ಟ್ರಿಪ್‌ಗಳಲ್ಲಿ ಯಾವಾಗಲೂ ಲೆಕ್ಕ ಹಾಕಿ ಐದೇ ಜನ! :) ) ಸ್ಟೈನಾಖ್ ಎಂಬಲ್ಲಿ ಕೊನೆಯ ಸಲ ರೈಲು ಬದಲಿಸಿ ಇಳಿದರೆ, ಟೌಬರ್ ನದಿಯ ಮೇಲಿನ ದಿಬ್ಬದಲ್ಲಿ ಸುತ್ತಲೂ ಕೋಟೆಗೋಡೆ ಇರುವ ಪುಟ್ಟ ಊರು. 1274ರಲ್ಲೇ ಚಕ್ರವರ್ತಿಗೆ ಮಾತ್ರ ಅಧೀನವಾದ ಸ್ವತಂತ್ರ ನಗರವಾಗಿತ್ತಂತೆ. ಮೂವತ್ತು ವರ್ಷಗಳ ಯುದ್ಧ, ಪ್ಲೇಗು ಎಲ್ಲ ಆಗಿ ಬಡವಾಯ್ತು. ಹಳೇದನ್ನು ಕೆಡವಿ ಹೊಸದು ಕಟ್ಟೋಕೆ ದುಡ್ಡಿರಲಿಲ್ಲ, ಅದಕ್ಕೇ ಉಳೀತು. ಚಿರೋಟಿಯನ್ನು ಉಂಡೆ ಕಟ್ಟಿದಂಥ ಷ್ನೀಬಾಲ್ ಅನ್ನೋ ತಿಂಡಿ ಸಿಗುತ್ತೆ. ನೋಡೋಕೆ ಚೆಂದ, ಅಷ್ಟೇ.

ಕೋಟೆಗೋಡೆಯ ಮೇಲೆ ಮರದ ಸೂರಿನ ಕೆಳಗೆ ನಡೆಯುತ್ತಾ ಹೋದರೆ ಕಲ್ಲುಗಳ ಮೇಲೆಲ್ಲ ಹೆಸರುಗಳು. ಜರ್ಮನ್ನರದ್ದು, ಅಮೆರಿಕದವರದ್ದು, ಜಪಾನಿನವರದ್ದು. 1945ರ ಮಾರ್ಚ್ 31ರಂದು ಅಮೆರಿಕದ ಬಾಂಬುಗಳು ಬಿದ್ದು ಊರಿನ ಸುಮಾರು ಶೇ. 40 ಭಾಗ ನಾಶವಾಗಿತ್ತು. ಗೋಡೆ ಮತ್ತೆ ಕಟ್ಟೋಕೆ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟವರ ಹೆಸರುಗಳು ಇವು.

ಇದನ್ನು ಓದಿದ್ದೇ ತಡ, ನಮ್ಮಲ್ಲೊಬ್ಬ "ಹಂಗಾದ್ರೆ ಇದು ಡೂಪ್ಲಿಕೇಟ್ ಕಣ್ರೋ, ಡಿಸ್ನಿಲ್ಯಾಂಡು" ಅಂದುಬಿಟ್ಟ. ವರ್ಷವಿಡೀ ಕ್ರಿಸ್‌ಮಸ್ ಸಾಮಾನು ಮಾರೋ ಅಂಗಡಿ ನೋಡಿದರೆ ಯಾರಿಗಾದ್ರೂ ಹಾಗನ್ನಿಸುತ್ತೆ ಬಿಡಿ. ಆದ್ರೆ ನಾನು ಒಪ್ಪಲ್ಲ. ಡೂಪ್ಲಿಕೇಟ್ ಅಂದ್ರೆ ತಾನು ಡೂಪ್ಲಿಕೇಟ್ ಅನ್ನೋದನ್ನ ಮುಚ್ಚಿಡೋದು. ಈ ಗೋಡೆ ತನ್ನನ್ನು ಕಟ್ಟಿಸಿದವರ ಹೆಸರನ್ನೇ ಹೊತ್ಕೊಂಡು ನಿಂತಿದೆ. ಅದಕ್ಕಿಂತ ಮುಖ್ಯವಾಗಿ, ಗೋಡೆ ಮೇಲಿಂದ ಒಳಗೆ ಬಗ್ಗಿ ನೋಡಿದರೆ ಯಾರದ್ದೋ ಹಿತ್ತಲು, ಒಣಗಿ ಹಾಕಿದ ಬಟ್ಟೆ, ಮಗುವಿನ ಸೈಕಲ್ಲು, ನಾಲ್ಕು ಟೊಮ್ಯಾಟೋ ಗಿಡ. ಜನ ಅಲ್ಲೇ ಬದುಕ್ತಿದಾರೆ.

ನಂಗೆ ನೆನಪಾಗಿದ್ದು ಹಂಪಿ. ಐದನೇ ಕ್ಲಾಸಿನ ಟೂರಿನಲ್ಲಿ ವಿರೂಪಾಕ್ಷ ಗುಡಿ ಎದುರಿನ ಬೀದಿಯಲ್ಲಿ ಇಡ್ಲಿ ತಿಂದಿದ್ದೆ. ಬದಿಯಲ್ಲೇ ಒಬ್ಬಜ್ಜಿ ಮಂಟಪದ ಕಂಬಕ್ಕೆ ಒರಗಿ ಹೂ ಕಟ್ತಿದ್ರು. 2011ರ ಜುಲೈನಲ್ಲಿ ಆ ಬಜಾರಿನ ಮನೆ, ಅಂಗಡಿಗಳನ್ನೆಲ್ಲ ಕೆಡವಿ ಜನರನ್ನು ಎಬ್ಬಿಸಿದರು. ಇಂಜಿನಿಯರಿಂಗ್ ಓದುವಾಗ ಮತ್ತೆ ಹೋದರೆ ಸಾಲುಮಂಟಪಗಳಷ್ಟೇ ಇದ್ವು, ಫೋಟೋಗೆ ಹೇಳಿ ಮಾಡಿಸಿದ ಹಾಗೆ.

ವಿಜಯನಗರದ ಕಾಲದ ಕಂಬಗಳ ನಡುವೆ ಸಿಮೆಂಟ್ ಗೋಡೆ ಎಬ್ಬಿಸಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಅದನ್ನು ತೆಗೆಸಬೇಕಿತ್ತು. ಆದ್ರೆ ಅದರ ಹೆಸರೇ ಬಜಾರು ಕಣ್ರೀ! ಕೊಳ್ಳೋರು, ಮಾರೋರು, ಹೂ ಕಟ್ಟೋರು ಇರಲಿ ಅಂತಲೇ ಕಟ್ಟಿಸಿದ್ದು. ಸಿಮೆಂಟ್ ತೆಗೆದು ಜನರನ್ನು ಉಳಿಸಿಕೊಳ್ಳೋ ದಾರಿ ಹುಡುಕಬಹುದಿತ್ತಲ್ವಾ?

ನಿಮ್ಮಲ್ಲಿ ಯಾರಾದ್ರೂ 2011ಕ್ಕೆ ಮುಂಚೆ ಆ ಬೀದಿಯಲ್ಲಿ ಉಳಿದಿದ್ರೆ, ಯಾರ ಮನೆ ಜಗುಲಿ, ಏನು ಊಟ, ನಿಮ್ಮ ಬ್ಲಾಗಿನಲ್ಲಿ ಬರೀರಿ. ಹಳೇ ಫೋಟೋ ಇದ್ರೆ ಅದನ್ನೂ ಹಾಕಿ.