ಜೂನ್ 22ಕ್ಕ ಜಮಖಾನ ಎಲ್ಲಿರತೈತಿ?

ನಮ್ಮ ಜತ್ತ ಕಡೆ ಜೂನ್ 21 ಅಂದರ ಬಿತ್ತೋ ಹೊತ್ತು. ಮೃಗದ ಮಳಿ ಮುಗಿದು ಆರಿದ್ರಾ ಹಿಡಿಯೋ ದಿನ. ಎಲ್ಲಾರ ಜೀವ ಕೂರಿಗಿ ಮ್ಯಾಲ ಇರತೈತಿ. ಅವತ್ತ ಶಾಲಿ ಬೈಲಾಗ ಜಮಖಾನ ಹಾಸಿ, ಮಕ್ಕಳ ಕೈಕಾಲು ಎತ್ತಿಸಿ, ಫೋಟೋ ಹೊಡಕೊಂಡು ಹೋಗತಾರ. 2015ರಿಂದ ಇದ ನಡದೈತಿ. ಮರುದಿನ ಆ ಜಮಖಾನ ಎಲ್ಲಿರತೈತಿ ಅಂತ ಯಾರೂ ಕೇಳಂಗಿಲ್ಲ.

ನಮ್ಮ ಮಂದೀನೂ ಕಡಿಮಿ ಇಲ್ಲ. "ಹೊಲದಾಗ ದುಡಿಯೋರಿಗೆ ಎಂಥಾ ಯೋಗೋ ಮಾವಾ" ಅಂತ ಕಟ್ಟಿ ಮ್ಯಾಲ ಕುಂತು ನಗತಾರ. ನಾನೂ ಹಂಗ ನಕ್ಕಾಂವನ. ಆದರ ಜ್ವಾಳಾ ಕೀಳೋ ಸುಗ್ಗ್ಯಾಗ ಮುಂಜಾನಿಂದ ಸಂಜೀತನಕ ನಡ ಮುಂದಕ್ಕ ಬಗ್ಗತೈತಿ, ಒಮ್ಮೆನೂ ಹಿಂದಕ್ಕ ಬಗ್ಗೂದಿಲ್ಲ. ಕಸಾ ತಗಿಯೋ ಹೆಣ್ಣಮಕ್ಕಳು ಮೊಳಕಾಲ ಮಡಚಿ ದಿನಾ ಕಳೀತಾರ, ಮನಿಗೆ ಬಂದು ಮತ್ತ ಒಲಿ ಮುಂದ ಬಗ್ಗತಾರ. ಭಾರ ಒಂದ ಎತ್ತಿನ ಮ್ಯಾಲ ಬಿದ್ದರ ನೊಗ ವಾರೆ ಆಗತೈತಿ. ಆ ವಾರೆ ತಿದ್ದಾಕ ಯೋಗ ಬೇಕು.

ನಾ ಕಲತದ್ದು ತಪ್ಪು ಮಾಡೇ. ಐವತ್ತೈದರ ವಯಸ್ಸಿನಾಗ ಟಿವಿ ನೋಡಿ ತಲಿಕೆಳಗ ನಿಂತೆ. ಕುತ್ತಿಗಿ ಹಿಡದು ಹದಿನೈದು ದಿನ ಭಜನಿಗೆ ಹೋಗಲಿಲ್ಲ. ಈಗ ಎಮ್ಮಿ ಹಿಂಡೂಕಿಂತ ಮೊದಲ, ಹಸದ ಹೊಟ್ಟೀಲೆ, ಕಂಬಳಿ ಮ್ಯಾಲ ಕಾಲ ತಾಸು. ತಾಡಾಸನ, ಎರಡೂ ಮಗ್ಗಲಿಗೆ ಬಾಗೋದು, ಬೋರಲ ಮಲಗಿ ಎದಿ ಎತ್ತೋ ಭುಜಂಗಾಸನ, ಕಡೀಕೆ ಶವಾಸನ. ನಡ ಬಾಳ ನೋಯೋ ದಿನ ಭುಜಂಗಾಸನ ಬಿಡತೇನಿ, ಕೂಡೋದು ಬಿಡೂದಿಲ್ಲ.

ಧ್ಯಾನ ನಮಗ ಹೊಸಾದಲ್ಲ. ನಮ್ಮಜ್ಜ ಅಂಗೈಯಾಗ ಇಷ್ಟಲಿಂಗ ಇಟ್ಟು ಕಣ್ಣು ನೆಟ್ಟು ಕೂಡತಿದ್ದ, ಹೊರಗ ಯಾರು ಕರೆದರೂ ಓ ಅನ್ನತಿದ್ದಿಲ್ಲ. ತತ್ವಪದ ಹಾಡೋರಿಗೆ ಉಸಿರು ಉದ್ದ ಬಿಡೋದು ಗೊತ್ತೈತಿ, ಒಂದು ಸೊಲ್ಲು ಮುಗಿಯೋತನಕ ಸಾಲಬೇಕಲ್ಲ. ಅದನ್ನ ಹಾಡಿಲ್ಲದ ಕುಂತು ಮಾಡ್ರಿ, ಮನಸ್ಸು ತಾನ ತಣ್ಣಗಾಗತೈತಿ. ಉಸಿರು ಬಿಗಿಹಿಡಿದು ಶೂರತನ ತೋರಸಬ್ಯಾಡ್ರಿ.

ಇನ್ನೊಂದು. ಪತಂಜಲಿಯ ಎಂಟು ಅಂಗದಾಗ ಆಸನ ಮೂರನೇದು. ಯಮ, ನಿಯಮ ಮೊದಲು. ಸುಳ್ಳು, ಕಳವು ಬಿಡೋದು ಅಲ್ಲೇ ಬರತೈತಿ. ಮುಂಜಾನೆ ಆಸನ ಹಾಕಿ ಸಂಜೀಕ ಮಂದಿ ಬದು ಒತ್ತೋರು ಇದನ್ನ ಕೇಳಸ್ಕೋಬೇಕು.

ಗುರುಗಳೇ, ಕನ್ನಡ ಶಾಲ್ಯಾಗ "ಉಸಿರು ತಗೋ, ಉಸಿರು ಬಿಡು" ಅನ್ನಾಕ ಯಾರ ಅಪ್ಪಣಿ ಬೇಕ್ರಿ? ಮರಾಠಿ, ಹಿಂದಿ ಎಣಿಕಿಗೆ ಸಣ್ಣ ಮಕ್ಕಳು ಮಗ್ಗಲದಾಂವನ್ನ ನೋಡಿ ಕೈ ಎತ್ತತಾವ. ಪ್ರಾರ್ಥನಾ ಆದಮ್ಯಾಲ ದಿನಾ ಹತ್ತು ನಿಮಿಷ ಕೊಡ್ರಿ. ಹೆಣ್ಣಮಕ್ಕಳಿಗೆ ಸಂಜಿ ಊಟಕ್ಕಿಂತ ಮೊದಲ ಅರ್ಧ ತಾಸು ವಾಚನಾಲಯದ ಪಡಸಾಲಿ ಬಿಡೋಣ. ಅಲ್ಲಿ ಇಸ್ಪೀಟು ಆಡೋರು ಅಷ್ಟೊತ್ತು ಗುಡಿ ಕಟ್ಟಿಗೆ ಹೋಗಲಿ. ಜಮಖಾನ ನಾ ಕೊಡತೇನಿ.