ಬೀಗದ ಕೈ ಯಾರ ಬಳಿ ಉಳಿಯಿತು?

1994ರ ಡಿಸೆಂಬರ್. ಅಮೆರಿಕದ ವರ್ಲ್ಡ್‌ವೈಡ್ ಚರ್ಚ್ ಆಫ್ ಗಾಡ್ ಎಂಬ ಪಂಥದ ಮುಖ್ಯಸ್ಥ ಜೋಸೆಫ್ ಟಕಾಚ್ ತಮ್ಮ ಜನರ ಮುಂದೆ ನಿಂತು ಉದ್ದನೆಯ ಪ್ರವಚನ ಮಾಡಿದರು. ಶನಿವಾರದ ಸಬ್ಬತ್ ಆಚರಿಸಲೇಬೇಕೆಂದಿಲ್ಲ, ದಶಾಂಶ ಕಡ್ಡಾಯವಲ್ಲ, ಹಂದಿಮಾಂಸ ತಿಂದರೆ ಪಾಪವಿಲ್ಲ ಎಂದರು. ಬೇರೆ ಚರ್ಚುಗಳಲ್ಲಿ ಇದು ಸಾಧಾರಣ ಮಾತು. ಆದರೆ ಈ ಪಂಥದಲ್ಲಿ ಶನಿವಾರ ಕೆಲಸಕ್ಕೆ ಬರಲಾರೆ ಎಂದು ನೌಕರಿ ಕಳೆದುಕೊಂಡವರಿದ್ದರು. ಮಕ್ಕಳ ಹುಟ್ಟುಹಬ್ಬ ಆಚರಿಸದವರು, ಕ್ರಿಸ್‌ಮಸ್ಸಿಗೆ ತವರಿನ ಬಾಗಿಲು ತುಳಿಯದವರು ಇದ್ದರು. ಇಪ್ಪತ್ತು ಮೂವತ್ತು ವರ್ಷ ಹೀಗೆ ಬದುಕಿದವರಿಗೆ ಒಂದು ಪ್ರವಚನದಲ್ಲಿ, ಅದೆಲ್ಲ ಬೇಕಿರಲಿಲ್ಲ ಎಂದು ತಿಳಿಸಲಾಯಿತು.

ಜನರನ್ನು ಹಿಡಿತದಲ್ಲಿಟ್ಟುಕೊಂಡ ಪಂಥ ತನ್ನ ಬೋಧನೆ ತಿದ್ದಿಕೊಂಡರೆ ಅದು ನಿಜಕ್ಕೂ ಬದಲಾದಂತೆಯೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ದಿನವೇ.

ಈ ಪಂಥವನ್ನು ಕಟ್ಟಿದವರು ಹರ್ಬರ್ಟ್ ಆರ್ಮ್‌ಸ್ಟ್ರಾಂಗ್. ಹುಟ್ಟಿದ್ದು 1892ರಲ್ಲಿ, ಮೊದಲು ಮಾಡಿದ್ದು ಜಾಹೀರಾತಿನ ಕೆಲಸ. 1934ರಲ್ಲಿ ಓರೆಗಾನ್ ರಾಜ್ಯದ ಯೂಜೀನ್ ಊರಿನಲ್ಲಿ ರೇಡಿಯೊ ಪ್ರವಚನ ಶುರುಮಾಡಿದರು. ಅದೇ ವರ್ಷ 'ದಿ ಪ್ಲೇನ್ ಟ್ರೂತ್' ಪತ್ರಿಕೆಯೂ ಹೊರಟಿತು. ಮುಂದೆ ಕ್ಯಾಲಿಫೋರ್ನಿಯಾದ ಪಸಡೀನಾ ಅವರ ರಾಜಧಾನಿಯಾಯಿತು. 1980ರ ದಶಕದ ಹೊತ್ತಿಗೆ ಪತ್ರಿಕೆ ಲಕ್ಷಗಟ್ಟಲೆ ಪ್ರತಿ ಅಚ್ಚಾಗುತ್ತಿತ್ತು. ನಮ್ಮ ದೇಶದಲ್ಲೂ ಇಂಗ್ಲಿಷ್ ಓದುವವರ ಮನೆಗಳಿಗೆ ಅಂಚೆಯಲ್ಲಿ ಬರುತ್ತಿತ್ತು. ಬಣ್ಣದ ಚಿತ್ರ, ನುಣುಪು ಕಾಗದ, ಚಂದಾ ಮಾತ್ರ ಇಲ್ಲ. ಆ ದುಡ್ಡು ಯಾರದು ಎಂದು ಓದುಗರಿಗೆ ಗೊತ್ತಿರಲಿಲ್ಲ.

ಅದು ಸದಸ್ಯರ ದುಡ್ಡು. ದುಡಿಮೆಯ ಹತ್ತರಲ್ಲೊಂದು ಪಾಲು ಮುಖ್ಯ ಕಚೇರಿಗೆ. ಇನ್ನೊಂದು ಪಾಲನ್ನು ಪಂಥ ಪ್ರತಿವರ್ಷ ಆಚರಿಸುತ್ತಿದ್ದ ಪರ್ಣಶಾಲೆಗಳ ಹಬ್ಬಕ್ಕೆ ಹೋಗಿಬರಲು ಎತ್ತಿಡಬೇಕು. ಏಳು ವರ್ಷಗಳ ಸುತ್ತಿನಲ್ಲಿ ಮೂರನೆಯ ಮತ್ತು ಆರನೆಯ ವರ್ಷ ವಿಧವೆಯರ, ಅನಾಥರ ಹೆಸರಿನಲ್ಲಿ ಮೂರನೆಯ ಪಾಲು. ಆ ವರ್ಷಗಳಲ್ಲಿ ನೂರು ಡಾಲರ್ ದುಡಿದವನು 30 ಡಾಲರ್ ಎತ್ತಿಡುತ್ತಿದ್ದ. ಇದರ ಮೇಲೆ ಹಬ್ಬದ ಕಾಣಿಕೆ, ಸರ್ಕಾರದ ತೆರಿಗೆ ಬೇರೆ. ಮನೆಯಲ್ಲಿ ಬೂಟು ಹರಿದರೂ ಹೊಲಿಸಿಕೊಂಡು ನಡೆಯಬೇಕಾದ ಲೆಕ್ಕ ಅದು. ಆರ್ಮ್‌ಸ್ಟ್ರಾಂಗ್ ಮಾತ್ರ ಖಾಸಗಿ ಜೆಟ್ ವಿಮಾನದಲ್ಲಿ ದೇಶದೇಶದ ನಾಯಕರನ್ನು ಕಾಣಲು ಹೋಗುತ್ತಿದ್ದರು. 1974ರಲ್ಲಿ ಪಸಡೀನಾದಲ್ಲಿ ಸ್ಫಟಿಕದ ತೂಗುದೀಪಗಳ ಸಂಗೀತ ಮಂದಿರವೊಂದು ತೆರೆಯಿತು.

ಆದರೂ ನನ್ನನ್ನು ಹೆಚ್ಚು ಕಾಡುವುದು ಈ ದುಡ್ಡಿನ ಲೆಕ್ಕಕ್ಕಿಂತ ಮದುವೆಯ ವಿಷಯ. ವಿಚ್ಛೇದನ ಪಡೆದು ಮರುಮದುವೆಯಾಗಿ, ಮಕ್ಕಳಾದ ಮೇಲೆ ಗಂಡಹೆಂಡತಿ ಈ ಪಂಥಕ್ಕೆ ಬಂದರೆನ್ನಿ. ಪಾದ್ರಿ ಅವರ ಹಳೆಯ ಮದುವೆಯ ವಿವರ ಕೇಳುತ್ತಿದ್ದರು, ಕಚೇರಿ ತೀರ್ಪು ಕೊಡುತ್ತಿತ್ತು. ದೇವರ ಕಣ್ಣಿನಲ್ಲಿ ಮೊದಲ ಮದುವೆಯೇ ನಿಂತಿದೆ ಎಂದಾದರೆ ಈಗಿನ ಸಂಸಾರ ಒಡೆಯಬೇಕು. ಪ್ರೀತಿಯಿಂದ ಬಾಳುತ್ತಿದ್ದವರು ಪೆಟ್ಟಿಗೆ ಕಟ್ಟಿಕೊಂಡು ಬೇರೆ ಬೇರೆ ಮನೆ ಹಿಡಿದರು. ಅಪ್ಪ ಯಾಕೆ ಹೊರಟ ಎಂದು ಕೇಳುವ ಮಗುವಿಗೆ ಅಮ್ಮ ಏನು ಹೇಳಬೇಕು? 1974ರಲ್ಲಿ ಈ ಬೋಧನೆಯನ್ನು ಸಡಿಲಿಸಲಾಯಿತು. ಒಟ್ಟಿಗೆ ಇರಬಹುದು ಎಂಬ ಮಾತು ಬಂತು. ಅಷ್ಟರಲ್ಲಿ ಚದುರಿಹೋಗಿದ್ದ ಸಂಸಾರಗಳನ್ನು ಯಾವ ಸುತ್ತೋಲೆ ಕೂಡಿಸೀತು?

ಆರ್ಮ್‌ಸ್ಟ್ರಾಂಗ್ 1986ರ ಜನವರಿಯಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರೇ ಆರಿಸಿದ್ದ ಟಕಾಚ್ ಗದ್ದುಗೆಗೆ ಬಂದ ಮೇಲೆ ಬದಲಾವಣೆ ಒಂದೊಂದಾಗಿ ಶುರುವಾಯಿತು. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆಯಲ್ಲ ಎಂದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎನ್ನುವ ತ್ರಯೈಕತ್ವವನ್ನು ಒಪ್ಪಿದರು. 1995ರಲ್ಲಿ ಅವರು ತೀರಿಕೊಂಡಾಗ ಅದೇ ಹೆಸರಿನ ಮಗ ಪಟ್ಟಕ್ಕೆ ಬಂದು ಅದೇ ದಾರಿಯಲ್ಲಿ ನಡೆದರು. 1997ರಲ್ಲಿ ಅಮೆರಿಕದ ಇವ್ಯಾಂಜೆಲಿಕಲ್ ಸಂಘ ಈ ಪಂಥವನ್ನು ತನ್ನೊಳಗೆ ಸೇರಿಸಿಕೊಂಡಿತು. 2009ರಲ್ಲಿ ಹೆಸರೂ ಬದಲಾಗಿ ಗ್ರೇಸ್ ಕಮ್ಯೂನಿಯನ್ ಇಂಟರ್‌ನ್ಯಾಷನಲ್ ಆಯಿತು.

ಇದರಲ್ಲಿ ಪ್ರಾಮಾಣಿಕತೆ ಇರಲಿಲ್ಲ ಎಂದು ಹೇಳಲಾರೆ. ಲಾಭಕ್ಕಾಗಿ ಮಾಡಿದ್ದಂತೂ ಅಲ್ಲವೇ ಅಲ್ಲ. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟುಹೋದರು, ಆದಾಯ ಕುಸಿಯಿತು, ಪಂಥದ ಕಾಲೇಜು ಮುಚ್ಚಿತು, ಪಸಡೀನಾದ ಆಸ್ತಿ ಮಾರಾಟವಾಯಿತು. ಇಷ್ಟು ಕಳೆದುಕೊಂಡೂ ತಪ್ಪನ್ನು ತಪ್ಪೆಂದು ಹೇಳಿದ ಧಾರ್ಮಿಕ ನಾಯಕರು ಅಪರೂಪ. ಕಿರಿಯ ಟಕಾಚ್ 1996ರಲ್ಲಿ ಅದೇ 'ಪ್ಲೇನ್ ಟ್ರೂತ್' ಪುಟಗಳಲ್ಲಿ ಕ್ಷಮೆಯನ್ನೂ ಕೇಳಿದರು. ಆ ಕ್ಷಮೆಗೆ ಬೆಲೆಯಿದೆ. ನೊಂದವರಲ್ಲಿ ಕೆಲವರಿಗಾದರೂ ಅದನ್ನು ಓದಿ ಗಂಟಲು ಕಟ್ಟಿರಬೇಕು.

ಆದರೆ ಈ ಬದಲಾವಣೆ ಹೇಗೆ ಬಂತು ನೋಡಿ. ಸದಸ್ಯರು ಕೂತು ಚರ್ಚಿಸಿ, ಮತ ಹಾಕಿ ತಂದದ್ದಲ್ಲ. ಮೇಲಿನಿಂದ ಬಂತು. ಪಾಸ್ಟರ್ ಜನರಲ್, ಅಂದರೆ ಪಂಥದ ಮುಖ್ಯಸ್ಥ, ಹೇಳಿದ್ದೇ ಕೊನೆಯ ಮಾತು ಎಂಬ ಆರ್ಮ್‌ಸ್ಟ್ರಾಂಗ್ ಕಾಲದ ಏರ್ಪಾಡನ್ನು ಬಳಸಿಯೇ ಆರ್ಮ್‌ಸ್ಟ್ರಾಂಗ್ ಬೋಧನೆಯನ್ನು ಕೆಡವಲಾಯಿತು. ನಿನ್ನೆಯವರೆಗೆ ಶನಿವಾರ ದುಡಿದರೆ ತಪ್ಪಿತಸ್ಥ, ಇಂದು ಶನಿವಾರವನ್ನೇ ಹಿಡಿದು ಕೂತರೆ ಧರ್ಮಶಾಸ್ತ್ರದ ಬಂಧನಕ್ಕೆ ಸಿಕ್ಕವ. ಎರಡು ಸಲವೂ ತೀರ್ಮಾನಿಸಿದ್ದು ಅದೇ ಕುರ್ಚಿ. ಆ ಕುರ್ಚಿ ಅಪ್ಪನಿಂದ ಮಗನಿಗೆ ಹೋಗುವಾಗಲೂ ಸದಸ್ಯರ ಮತ ಕೇಳಲಿಲ್ಲ. ನಂಬಿಕೆಯ ಸರಕು ಬದಲಾಯಿತು, ಉಗ್ರಾಣದ ಬೀಗದ ಕೈ ಕೈ ಬದಲಿಸಲಿಲ್ಲ.

ಬಿಟ್ಟುಹೋದವರ ಕಥೆ ಇನ್ನೂ ಸಂಕಟದ್ದು. ಅವರಲ್ಲಿ ಬಹಳ ಜನ ಹೊರಗಿನ ಗಾಳಿಗೆ ಬರಲಿಲ್ಲ. 1989ರಲ್ಲೇ ಜೆರಾಲ್ಡ್ ಫ್ಲರಿ ಎಂಬ ಪಾದ್ರಿ ಫಿಲಡೆಲ್ಫಿಯ ಚರ್ಚ್ ಆಫ್ ಗಾಡ್ ಕಟ್ಟಿದ್ದರು, 1995ರಲ್ಲಿ ಯುನೈಟೆಡ್ ಚರ್ಚ್ ಆಫ್ ಗಾಡ್ ಹುಟ್ಟಿತು, ಇನ್ನೂ ಹತ್ತಾರು ಗುಂಪುಗಳಾದವು. ಶನಿವಾರ, ದಶಾಂಶ, ಹಬ್ಬಗಳು ಅಲ್ಲಿ ಮುಂದುವರಿದವು. ಇದಕ್ಕೆ ಆ ಜನರನ್ನು ಬೈಯುವುದು ನನಗೆ ಸರಿಕಾಣದು. ಇಡೀ ಜೀವನ ಇನ್ನೊಬ್ಬರ ಅಪ್ಪಣೆ ಕಾದು ನಡೆದವರಿಗೆ, ಇನ್ನು ನೀವೇ ಯೋಚಿಸಿ ಎನ್ನುವುದೂ ಒಂದು ಅಪ್ಪಣೆಯ ಹಾಗೆಯೇ ಕೇಳಿಸುತ್ತದೆ. ಸ್ವಂತ ವಿವೇಕದಿಂದ ಬೇಡವೆನ್ನುವ ಅಭ್ಯಾಸವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಹಾಗಾಗಿ ನಮ್ಮವರೊಬ್ಬರು ಇರುವ ಗುಂಪು ಈಗ ಬದಲಾಗಿದೆ ಎಂದು ಯಾರಾದರೂ ಹೇಳಿದರೆ, ಹೊಸ ಬೋಧನೆ ಏನು ಎಂದು ನಾನು ಮೊದಲು ಕೇಳುವುದಿಲ್ಲ. ನಾಳೆ ಒಬ್ಬ ಸದಸ್ಯೆ ಎದ್ದು ನಿಂತು, ನನಗೆ ಇದು ಒಪ್ಪಿಗೆಯಿಲ್ಲ ಎಂದರೆ ಆಕೆಯ ಗೆಳತಿಯರು ಆಕೆಯ ಮನೆಗೆ ಬರುತ್ತಾರಾ? ಲೆಕ್ಕದ ಪುಸ್ತಕ ಆಕೆಯ ಕೈಗೆ ಸಿಗುತ್ತದಾ? ಮುಖ್ಯಸ್ಥರನ್ನು ಇಳಿಸುವ ದಾರಿ ಆಕೆಗಿದೆಯಾ? ನನಗೆ ತಿಳಿಯಬೇಕಾದ್ದು ಇವು.

ಆರ್ಮ್‌ಸ್ಟ್ರಾಂಗ್ ತಮ್ಮ ಕೊನೆಯ ದೊಡ್ಡ ಪುಸ್ತಕಕ್ಕೆ 'ಮಿಸ್ಟರಿ ಆಫ್ ದಿ ಏಜಸ್' ಎಂದು ಹೆಸರಿಟ್ಟಿದ್ದರು. ಅದರಲ್ಲಿ ತಪ್ಪುಗಳಿವೆ ಎಂದು ಸುಧಾರಿತ ಚರ್ಚು ವಿತರಣೆ ನಿಲ್ಲಿಸಿತು. ಫ್ಲರಿಯವರ ಗುಂಪು 1997ರಲ್ಲಿ ಅದನ್ನು ತಾನೇ ಅಚ್ಚುಹಾಕಿದಾಗ ಚರ್ಚು ಕೃತಿಸ್ವಾಮ್ಯದ ದಾವೆ ಹೂಡಿತು. ಅದು ಚಲಾವಣೆಗೆ ಬಾರದಂತೆ ತಡೆಯುವುದು ತಮ್ಮ ಕ್ರೈಸ್ತ ಕರ್ತವ್ಯ ಎಂಬ ಅರ್ಥದ ಮಾತನ್ನು ಕಿರಿಯ ಟಕಾಚ್ ಬರೆದಿದ್ದರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಚರ್ಚಿನ ಪರವಾಗಿ ಬಂತು. ಆಮೇಲೆ 2003ರಲ್ಲಿ ರಾಜಿಯಾಯಿತು. ಆ ಪುಸ್ತಕವೂ ಸೇರಿ 19 ಕೃತಿಗಳ ಹಕ್ಕು 30 ಲಕ್ಷ ಡಾಲರಿಗೆ ಅದೇ ಗುಂಪಿಗೆ ಮಾರಾಟವಾಯಿತು. ಪುಸ್ತಕ ಮೊದಲು ಅಚ್ಚಾದಾಗ ಕಾಗದಕ್ಕೂ ಮಸಿಗೂ ದುಡ್ಡು ಬಂದದ್ದು ದಶಾಂಶದಿಂದ. ಅದನ್ನು ಹಿಂತೆಗೆಯುವಾಗಲಾಗಲಿ ಮಾರುವಾಗಲಾಗಲಿ ಆ ದಶಾಂಶ ಕೊಟ್ಟವರನ್ನು ಮತಕ್ಕೆ ಕರೆಯಲಿಲ್ಲ.